ಕ್ರಯಪತ್ರ ಮತ್ತು ಅಂತಃಸಾಕ್ಷಿ
ನೀತಿಯೆಂಬುದು ಮಹಾಸಂಕಟದ ದಿನದಲ್ಲಿ ಮಾತ್ರ ಪರೀಕ್ಷೆಗೆ ನಿಲ್ಲುವ ಗುಣವೆಂದು ನಂಬಿರುವವರು, ಅಮೆರಿಕೆಯ ನ್ಯೂಜೆರ್ಸಿ ಪ್ರಾಂತದಲ್ಲಿ 1720ರಲ್ಲಿ ಹುಟ್ಟಿದ ಜಾನ್ ವುಲ್ಮನ್ ಎಂಬ ಕ್ವೇಕರ್ ಪಂಥದ ದರ್ಜಿಯ ಚರಿತ್ರೆಯನ್ನು ಒಮ್ಮೆ ಪರಿಶೀಲಿಸತಕ್ಕದ್ದು. ಯೌವನದಲ್ಲಿ ಯಜಮಾನನ ಅಪ್ಪಣೆಯಂತೆ ಕರಿಯ ದಾಸಿಯೊಬ್ಬಳ ಕ್ರಯಪತ್ರವನ್ನು ಬರೆದುಕೊಟ್ಟು, ದಾಸ್ಯವು ಕ್ರೈಸ್ತಧರ್ಮಕ್ಕೆ ಒಗ್ಗದೆಂದು ಅಲ್ಲಿಯೇ ನುಡಿದರೂ ಮನಸ್ಸಮಾಧಾನವನ್ನು ಕಾಣದ ಆತನು, ಮುಂದೆ ಗುಲಾಮರನ್ನು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗುವ ಮರಣಶಾಸನಗಳನ್ನು, ಬರವಣಿಗೆಯ ಕೂಲಿ ತಪ್ಪಿದರೂ ನೆರೆಯವರ ಸ್ನೇಹ ಕೆಡುವಂತಿದ್ದರೂ, ಬರೆಯಲೊಲ್ಲದೆ ಹೋದನು. ಗುಲಾಮರು ಉಪಚರಿಸುವ ಮನೆಗಳಲ್ಲಿ ತಂಗಿದಾಗ ಆ ಸೇವೆಯನ್ನು ಪುಕ್ಕಟೆಯಾಗಿ ಸ್ವೀಕರಿಸದೆ, ಹೊರಡುವ ವೇಳೆಗೆ ಅವರಿಗೆಂದು ಬೆಳ್ಳಿಯ ನಾಣ್ಯಗಳನ್ನು ಸಲ್ಲಿಸುತ್ತಿದ್ದನು. ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯನ್ನು ತೊರೆದನು. ಬಣ್ಣ ಹಾಕದ ಟೊಪ್ಪಿಗೆಯನ್ನು ಧರಿಸಿದನು, ಅದೇ ಕಾಲದಲ್ಲಿ ಬಿಳಿಯ ಟೊಪ್ಪಿಗೆಯೇ ಶೋಕಿಯಾಗಿದ್ದುದರಿಂದ ಸ್ವಮತಸ್ಥರ ಸಂದೇಹಕ್ಕೂ ಗುರಿಯಾದನು. ವ್ರತಕ್ಕೆ ವೇಷದ ಅಪವಾದ ತಟ್ಟಿದರೂ ಸೈರಿಸುವುದು ವ್ರತಕ್ಕಿಂತಲೂ ಕಠಿನವಾದದ್ದು. 1772ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸಿಡುಬಿನಿಂದ ಆತನು ತೀರಿಕೊಂಡನು. 1776ರಲ್ಲಿ ಫಿಲಡೆಲ್ಫಿಯದ ಕ್ವೇಕರರ ವಾರ್ಷಿಕ ಸಭೆಯು ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಸಭೆಯ ನಿರ್ಣಯವು ಕಾಗದಕ್ಕೆ ಇಳಿಯಬೇಕಾದರೆ, ಅದಕ್ಕೆ ಬಹುಕಾಲ ಮುಂಚೆ ಯಾವನಾದರೊಬ್ಬನು ಯಾವುದೋ ಒಂದು ಕಾಗದವನ್ನು ಬರೆಯಲಾರೆನೆಂದು ವಿನಯದಿಂದ ಹೇಳಿರಲೇಬೇಕು.