ಕಡಲಡಿಗೆ ಇಳಿಯುವವರ ಕನ್ನಡಕ

ನಮ್ಮ ಕಡೆಯ ಯುವಜನರಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಹವ್ಯಾಸ ಹತ್ತಿಕೊಂಡಿದೆ. ರಜೆ ಸಿಕ್ಕಿತೆಂದರೆ ರೈಲು ಹತ್ತಿ ಮಂಗಳೂರು, ಉಡುಪಿ ದಾಟಿ ಮುರುಡೇಶ್ವರಕ್ಕೆ ಹೋಗುವುದು. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲಿಗೆ ಇಳಿಯುವುದು. ಸ್ಕೂಬಾ ಡೈವಿಂಗ್ ಎಂದು ಇದರ ಹೆಸರು. ಹಿರಿಯರಾದ ನಾವು ಇದನ್ನು ದುಂದುವೆಚ್ಚವೆಂದು ಜರೆಯಬೇಕಾಗಿಲ್ಲ. ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದೂ ಅದರೊಳಗೆ ಏನಿದೆಯೆಂದು ಕಾಣದೆ ಮುದುಕರಾದವರು ನಾವು. ಮಕ್ಕಳಾದರೂ ಕಂಡು ಬರಲಿ. ಆದರೆ ಕಾಣಬೇಕಲ್ಲ! ನನ್ನ ದೂರು ಇರುವುದು ಅಲ್ಲಿಯೇ.

ನನ್ನ ಅಣ್ಣನ ಮಗಳ ಕಣ್ಣಿನ ಪವರು ಎರಡೂ ಕಡೆ ಮೈನಸ್ 4. ಕಾಲೇಜಿನ ಗೆಳತಿಯರೊಂದಿಗೆ ಹೋದಳು. ಮುಂಗಡ ಹಣ ಕಟ್ಟುವಾಗ ಪ್ರಾಯ ಕೇಳಿದರು, ತೂಕ ಕೇಳಿದರು, ಆಸ್ತಮಾ ಉಂಟೇ ಎಂದು ಕೇಳಿದರು. ಕನ್ನಡಕ ಉಂಟೇ ಎಂದು ಮಾತ್ರ ಕೇಳಲಿಲ್ಲ. ಇವಳೂ ಹೇಳಲಿಲ್ಲ. ದೋಣಿಯಲ್ಲಿ ಕನ್ನಡಕ ತೆಗೆದು ಚೀಲದಲ್ಲಿಟ್ಟು, ಕೊಟ್ಟ ಮಾಸ್ಕನ್ನು ಹಾಕಿಕೊಂಡು ಇಳಿದಳು. ಇಳಿಯುತ್ತಿದ್ದಂತೆ ಕಿವಿ ನೋಯತೊಡಗಿತು. ಜೊತೆಗಿದ್ದ ತರಬೇತಿದಾರ ಒಂದು ಮಾರು ದೂರದಿಂದ ಕೈಸನ್ನೆಯಲ್ಲಿ ಏನೋ ಕೇಳಿದನಂತೆ. ಇವಳಿಗೆ ಕಂಡದ್ದು ನೆರಳಿನಂತಹ ಒಂದು ಕೈ ಅಲುಗಾಡಿದ್ದು ಮಾತ್ರ. ನೀರಿನೊಳಗೆ ಮಾತಿಲ್ಲ, ಕೈಯೇ ಮಾತು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ 'ಎಲ್ಲವೂ ಸರಿ' ಎಂದರ್ಥ. ಹೆಬ್ಬೆರಳನ್ನು ಮೇಲಕ್ಕೆತ್ತಿದರೆ 'ಮೇಲೆ ಹೋಗೋಣ' ಎಂದರ್ಥ. ಇವಳು ಅಂದಾಜಿನ ಮೇಲೆ ಉಂಗುರ ತೋರಿಸಿಬಿಟ್ಟಳು. ಅವನು ಇನ್ನಷ್ಟು ಕೆಳಕ್ಕೆ ಕರೆದೊಯ್ದ. ಎರಡು ದಿನ ಕಿವಿನೋವು ಉಳಿಯಿತು. ಮೀನುಗಳನ್ನು ಅವಳು ನೋಡಿದ್ದು ಊರಿಗೆ ಬಂದ ಮೇಲೆ, ಗೆಳತಿಯ ಫೋನಿನಲ್ಲಿ.

ದೇವರ ದಯೆಯಿಂದ ಹೆಚ್ಚೇನೂ ಆಗಲಿಲ್ಲ ಎನ್ನೋಣ. ಆದರೆ ಇದು ಒಬ್ಬಳ ಕಥೆಯಲ್ಲವೆಂದು ನನ್ನ ನಂಬಿಕೆ. ಕನ್ನಡಕವನ್ನು, ಅದರಲ್ಲೂ ಹೆಣ್ಣುಮಕ್ಕಳ ಕನ್ನಡಕವನ್ನು, ಮರೆಮಾಚುವ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಪೆಣ್ಣು ನೋಡಲು ಬರುವವರೆದುರು ತೆಗೆದಿಡು ಎಂದು ಕಲಿಸಿದವರು ನಾವೇ ಅಲ್ಲವೇ?

ವಿಷಯಕ್ಕೆ ಬರೋಣ. ಕಣ್ಣಿನ ಬೆಳಕು ಕೂಡಿಸುವ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ್ದು. ಅದು ಕೆಲಸ ಮಾಡುವುದು ಎದುರಿಗೆ ಗಾಳಿಯಿದ್ದರೆ ಮಾತ್ರ. ನೀರು ತಾಗಿದರೆ ಎಷ್ಟೇ ಒಳ್ಳೆಯ ಕಣ್ಣಿದ್ದವನಿಗೂ ಎಲ್ಲ ಮಸುಕು. ಆ ಗಾಳಿಯನ್ನು ಕಣ್ಣಿನ ಮುಂದೆ ಹಿಡಿದಿಡುವುದಕ್ಕಾಗಿಯೇ ಮಾಸ್ಕು. ಅದರ ಸಪಾಟು ಗಾಜಿನಿಂದ ನೋಡುವಾಗ 4 ಅಡಿ ದೂರದ ಮೀನು 3 ಅಡಿಯಲ್ಲಿದ್ದಂತೆ, ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ.

ಇದರಿಂದಲೇ ಒಂದು ತಪ್ಪು ಮಾತು ಹುಟ್ಟಿದೆ: 'ನೀರಿನೊಳಗೆ ಎಲ್ಲ ದೊಡ್ಡದಾಗಿ ಕಾಣುತ್ತದೆ, ಕನ್ನಡಕ ಬೇಡ' ಎಂದು. ಲೆಕ್ಕ ಹಾಕಿ ನೋಡಿ. ಮೈನಸ್ ಪವರಿನವರು ಕನ್ನಡಕವಿಲ್ಲದೆ ಎಷ್ಟು ದೂರ ಸ್ಪಷ್ಟವಾಗಿ ಕಾಣಬಲ್ಲರೆಂದು ತಿಳಿಯಲು 100ನ್ನು ಪವರಿನಿಂದ ಭಾಗಿಸಬೇಕು, ಬಂದದ್ದು ಸೆಂಟಿಮೀಟರು. ಮೈನಸ್ 1 ಇದ್ದವರಿಗೆ ಒಂದು ಮೀಟರು. ನೀರಿನಲ್ಲಿ ಅದು ಸುಮಾರು 130 ಸೆಂಟಿಮೀಟರು ಆಗುತ್ತದೆ. ಅಂಥವರು ಹೇಗೋ ಸುಧಾರಿಸಿಯಾರು. ಮೈನಸ್ 4 ಇದ್ದ ನಮ್ಮ ಹುಡುಗಿಗೆ 25 ಸೆಂಟಿಮೀಟರು, ನೀರಿನಲ್ಲಿ 33. ಎಂದರೆ ಒಂದು ಅಡಿಯಾಚೆಗೆ ಸಮುದ್ರವೆಲ್ಲ ನೀಲಿ ಹೊಗೆ.

ಚಾಳೀಸಿನವರ ಕಷ್ಟ ಬೇರೆ ತರಹದ್ದು. ಮೀನು ಚೆನ್ನಾಗಿ ಕಾಣುತ್ತದೆ, ಕೈಯಲ್ಲಿರುವ ಮೀಟರಿನ ಅಂಕಿ ಕಾಣುವುದಿಲ್ಲ. ಹತ್ತಿರದ್ದು ಇನ್ನೂ ಹತ್ತಿರದಲ್ಲಿದ್ದಂತೆ ಆಗುವುದರಿಂದ, ಬೆಳಕೂ ಕಡಿಮೆಯಿರುವುದರಿಂದ, ದಡದಲ್ಲಿ ಹೇಗೋ ಓದುವವರೂ ಅಲ್ಲಿ ತಡವರಿಸುತ್ತಾರೆ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆಯೆಂದು ಹೇಳುವ ಮೀಟರು ಅದು! ಇವರಿಗೆ ಮಾಸ್ಕಿನ ಕೆಳಭಾಗದಲ್ಲಿ ಅಂಟಿಸುವ ಚಿಕ್ಕ ಪ್ಲಸ್ ಗಾಜು ಸಾಕು. ನಮ್ಮ ಮಲಬಾರ್ ಕರಾವಳಿಯಲ್ಲಿ ಬಂಡೆಗಳಿಂದ ಕಲ್ಲುಮ್ಮಕಾಯಿ ಕೀಳಲು ಉಸಿರು ಕಟ್ಟಿ ಮುಳುಗುವವರಲ್ಲಿ ನಲವತ್ತು ದಾಟಿದವರಿಗೂ ಇದು ಉಪಯೋಗಕ್ಕೆ ಬಂದೀತು.

ಇನ್ನು ದೂರ ಕಾಣದವರು ಏನು ಮಾಡಬೇಕು? ಮಾಮೂಲು ಕನ್ನಡಕವನ್ನು ಮಾಸ್ಕಿನೊಳಗೆ ತೂರಿಸುವಂತಿಲ್ಲ. ಅದರ ಕಡ್ಡಿಗಳಿಂದಾಗಿ ರಬ್ಬರು ಮುಖಕ್ಕೆ ಅಂಟದೆ ನೀರು ನುಗ್ಗುತ್ತದೆ. ಈಜುಕೊಳದ ಪವರ್ ಗಾಗಲ್ಸ್ ಹಾಕಿ ಆಳಕ್ಕೆ ಇಳಿಯಲೇಕೂಡದು. 10 ಮೀಟರಿನಲ್ಲಿ ಒತ್ತಡ ಮೇಲಿನ ಎರಡರಷ್ಟು. ಮೂಗಿನಿಂದ ಗಾಳಿ ಬಿಟ್ಟು ಒಳಗಿನ ಒತ್ತಡ ಸರಿಮಾಡಬೇಕಾದರೆ ಮೂಗು ಮಾಸ್ಕಿನೊಳಗೇ ಇರಬೇಕು. ಇಲ್ಲವಾದರೆ ಕಣ್ಣಿನ ಸುತ್ತ ಹೀರಿಕೊಂಡು ರಕ್ತ ಕಟ್ಟುತ್ತದೆ.

ಕಾಂಟ್ಯಾಕ್ಟ್ ಲೆನ್ಸ್ ಸುಲಭವೆಂದು ಹಲವರು ಹೇಳುತ್ತಾರೆ. ಹಳೆಯ ಕಾಲದ ಗಟ್ಟಿ ಲೆನ್ಸಿನ ಕೆಳಗೆ ಮೇಲೇರುವಾಗ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ, ಅದು ಬೇಡ. ಮೆತ್ತನೆಯದನ್ನು ಹಾಕಿ ಇಳಿಯುವವರು ಬೇಕಾದಷ್ಟು ಜನ ಇದ್ದಾರೆ, ಅದು ನಿಜ. ಆದರೆ ಮಾಸ್ಕಿಗೆ ನೀರು ನುಗ್ಗಿದಾಗ ಕಣ್ಣು ತೆರೆದರೆ ಲೆನ್ಸು ಸಮುದ್ರಪಾಲು. ಅದಕ್ಕಿಂತ ಮಿಗಿಲಾಗಿ, ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನಡಿ ಸೇರಿದರೆ ಕಾರ್ನಿಯಾ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಅಪರೂಪವೆನ್ನಿ, ಆದರೆ ವಾಸಿ ಮಾಡುವುದು ಬಹಳ ಕಷ್ಟ. ಮೊದಲೇ ಅಭ್ಯಾಸವಿದ್ದವರು ಒಂದು ದಿನದ ಲೆನ್ಸು ಹಾಕಿ, ಮೇಲೆ ಬಂದೊಡನೆ ತೆಗೆದು ಎಸೆಯಲಿ. ಡೈವಿಂಗಿಗೆಂದೇ ಹಿಂದಿನ ದಿನ ಹೊಸತಾಗಿ ಲೆನ್ಸು ಕೊಳ್ಳುವುದನ್ನು ನಾನು ಒಪ್ಪಲಾರೆ.

ನನ್ನ ಮತ ಪವರಿನ ಗಾಜುಳ್ಳ ಮಾಸ್ಕಿಗೆ. ಎರಡು ಪ್ರತ್ಯೇಕ ಗಾಜುಗಳಿರುವ ಕೆಲವು ಮಾಸ್ಕುಗಳಲ್ಲಿ ಗಾಜು ಕಳಚಿ, ಅದೇ ಕಂಪನಿಯ ಪವರ್ ಗಾಜು ಕೂಡಿಸಬಹುದು. ಇವು ಸಾಮಾನ್ಯವಾಗಿ ಅರ್ಧರ್ಧ ಪವರಿನ ಅಂತರದಲ್ಲಿ ಸಿದ್ಧವಾಗಿ ಸಿಗುತ್ತವೆ. ಡಾಕ್ಟರರ ಚೀಟಿಯಲ್ಲಿ ಸಿಲಿಂಡರ್ ಎಂಬ ಇನ್ನೊಂದು ಅಂಕಿಯಿರುತ್ತದೆ (ಬೆನ್ನಿಗೆ ಕಟ್ಟುವ ಸಿಲಿಂಡರಿಗೂ ಇದಕ್ಕೂ ಸಂಬಂಧವಿಲ್ಲ). ಅದು ಚಿಕ್ಕದಿದ್ದರೆ ಅದರ ಅರ್ಧವನ್ನು ಮುಖ್ಯ ಪವರಿಗೆ ಕೂಡಿಸುವುದು ರೂಢಿ: ಮೈನಸ್ 3, ಸಿಲಿಂಡರ್ ಮೈನಸ್ 1 ಇದ್ದರೆ ಮೈನಸ್ 3.5. ಸಿಲಿಂಡರ್ ದೊಡ್ಡದಿದ್ದರೆ ಚೀಟಿಯ ಪ್ರಕಾರ ಗಾಜು ಉಜ್ಜಿಸಿ ಮಾಸ್ಕಿನ ಒಳಬದಿಗೆ ಅಂಟಿಸಿಕೊಡುವವರಿದ್ದಾರೆ. ಬೆಲೆ ಹೆಚ್ಚು, ದಿನವೂ ಹಿಡಿಯುತ್ತದೆ. ಮಾಸ್ಕಿನ ಗಾಜು ಕನ್ನಡಕಕ್ಕಿಂತ ಕಣ್ಣಿನಿಂದ ದೂರವಿರುವುದರಿಂದ ದೊಡ್ಡ ಮೈನಸ್ ಪವರು ಸ್ವಲ್ಪ ಕುಗ್ಗಿದಂತಾಗುತ್ತದೆ. ಇದನ್ನು ಕನ್ನಡಕದಂಗಡಿಯವರೊಡನೆ ಮೊದಲೇ ಹೇಳಬೇಕು.

ಪವರು ಎಷ್ಟು ಸರಿಯಿದ್ದರೂ ಮಾಸ್ಕು ಮುಖಕ್ಕೆ ಕೂಡದಿದ್ದರೆ ಪ್ರಯೋಜನವಿಲ್ಲ. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದರೆ ಅದು ತಾನಾಗಿ ಅಂಟಿ ನಿಲ್ಲಬೇಕು. ದಪ್ಪ ಮೀಸೆಯವರಿಗೆ ಇದು ಸ್ವಲ್ಪ ಕಷ್ಟ. ಮೀಸೆಯೋ ಮೀನೋ, ಅವರೇ ತೀರ್ಮಾನಿಸಲಿ. ಕಣ್ಣಿನ ಪೊರೆಯದ್ದಾಗಲಿ ಲೇಸರಿನದ್ದಾಗಲಿ ಆಪರೇಶನ್ ಆದವರು, ಮಾಡಿದ ಡಾಕ್ಟರರನ್ನು ಕೇಳದೆ ಇಳಿಯಬಾರದು.

ಜೀವಮಾನಕ್ಕೊಮ್ಮೆ ಅರ್ಧ ಗಂಟೆ ಮುಳುಗಲು ಇಷ್ಟೆಲ್ಲ ಖರ್ಚೇ ಎಂದು ಮನೆಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ಹಣ ಪಡೆದು ಕರೆದೊಯ್ಯುವವರು. ಮೈನಸ್ 2, 3, 4, 5ರ ಕೆಲವು ಮಾಸ್ಕುಗಳನ್ನು ಅವರು ಬಾಡಿಗೆಗಾದರೂ ಇಟ್ಟುಕೊಳ್ಳಲಿ. ದೋಣಿ, ಇಂಜಿನು, ಗಾಳಿ ತುಂಬುವ ಯಂತ್ರಕ್ಕೆ ಹಾಕುವ ದುಡ್ಡಿನೆದುರು ನಾಲ್ಕು ಮಾಸ್ಕಿನ ಬೆಲೆ ದೊಡ್ಡದಲ್ಲ. ಪವರು ಪೂರಾ ಕೂಡದಿದ್ದರೂ ಮೈನಸ್ 4ರವಳಿಗೆ ಮೈನಸ್ 3.5 ಸಿಕ್ಕಿದ್ದರೆ ಎದುರಿನವನ ಬೆರಳು ಎಣಿಸುವಷ್ಟು ಕಾಣುತ್ತಿತ್ತು. ಪ್ರಾಯ, ತೂಕದ ಕೆಳಗೆ 'ಕನ್ನಡಕದ ಪವರೆಷ್ಟು' ಎಂಬ ಒಂದು ಸಾಲು ಕನ್ನಡದಲ್ಲಿಯೂ ಇರಲಿ.

ಮಳೆಗಾಲದಲ್ಲಿ ನೇತ್ರಾಣಿಯ ದೋಣಿಗಳು ಹೋಗುವುದಿಲ್ಲ. ಅದು ಕಳೆದ ಮೇಲೆ ಹುಡುಗಿ ಮತ್ತೊಮ್ಮೆ ಹೊರಟಿದ್ದಾಳೆ. ಕಣ್ಣು ಪರೀಕ್ಷಿಸಿದ ಚೀಟಿ ಹಿಡಿದುಕೊಂಡು ಈ ವಾರ ಮೂರು ಕಡೆಗೆ ಫೋನು ಮಾಡಿದಳು. ಎರಡು ಕಡೆ 'ಅದೆಲ್ಲ ಬೇಡ ಮೇಡಂ' ಎಂದರಂತೆ. ಮೂರನೆಯವರು ಪವರೆಷ್ಟೆಂದು ಕೇಳಿ ಬರೆದುಕೊಂಡಿದ್ದಾರೆ.