ಎಳೆಯ ತಾಯಿಗೂ ನೆರಳು ಬೇಕು



ಕಾಫಿ ಕೊಯ್ಲು, ಅಡಿಕೆ ಸುಲಿತ ಎರಡೂ ಒಟ್ಟಿಗೆ ಮೈಮೇಲೆ ಬೀಳುವ ತಿಂಗಳುಗಳಲ್ಲಿ ಆಳು ಸಿಕ್ಕರೆ ಸಾಕೆಂಬ ಸ್ಥಿತಿ ನಮ್ಮೆಲ್ಲರದು. ಬಂದವರ ವಯಸ್ಸು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ಕಳೆದ ಹಂಗಾಮಿನಲ್ಲಿ ನಮ್ಮ ಸದಸ್ಯರೊಬ್ಬರ ತೋಟಕ್ಕೆ ಬಂದ ತಂಡದಲ್ಲಿ ಹದಿನಾರರ ಹುಡುಗಿಯೊಬ್ಬಳಿದ್ದಳು. ಮೂರು ತಿಂಗಳ ಕೂಸನ್ನು ಹಲಸಿನ ಮರದ ಬುಡದಲ್ಲಿ ಗೋಣಿಯ ಮೇಲೆ ಮಲಗಿಸಿ ಹಣ್ಣು ಕೊಯ್ಯುತ್ತಿದ್ದಳು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು. ಬಸುರಿಯಾದಾಗ ಆಸ್ಪತ್ರೆಗೆ ತೋರಿಸಲಿಲ್ಲವೇ ಎಂದು ಮನೆಯಾಕೆ ಕೇಳಿದಾಗ, "ವಯಸ್ಸು ಕೇಳ್ತಾರಂತ ಅತ್ತೆ ಬ್ಯಾಡ ಅಂದ್ರು ಅಮ್ಮಾ" ಎಂದಳಂತೆ. ಆ ಒಂದು ಮಾತು ನಮ್ಮನ್ನು ಈ ಲೇಖನ ಬರೆಯುವಂತೆ ಮಾಡಿದೆ.

ಬಾಲ್ಯವಿವಾಹ ತಪ್ಪೆಂಬುದರಲ್ಲಿ ಎರಡು ಮಾತಿಲ್ಲ. 2006ರ ಕಾಯಿದೆ ಅದನ್ನು ನಿಷೇಧಿಸಿದೆ. 2016ರ ತಿದ್ದುಪಡಿಯ ಮೂಲಕ ಕರ್ನಾಟಕವು ಇಂಥ ಮದುವೆ ಮೂಲತಃ ಅಸಿಂಧುವೆಂದೇ ಸಾರಿದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ದೇಶದ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 6.8 ಮಂದಿ ಆಗಲೇ ತಾಯಂದಿರು ಅಥವಾ ಗರ್ಭಿಣಿಯರಾಗಿದ್ದರು. ಅಂದರೆ, ಆಗಬಾರದ್ದು ಆಗಿಹೋದ ಮೇಲೂ ಬದುಕಬೇಕಾದ ಹುಡುಗಿಯರು ನಮ್ಮ ಸುತ್ತಲೇ ಇದ್ದಾರೆ. ಅವರ ವಿಷಯದಲ್ಲಿ ನಮ್ಮ ಕರ್ತವ್ಯವೇನು?

ಎಳೆಯ ಕಾಫಿ ಗಿಡದ ಮೇಲೆ ಹೆಚ್ಚು ಫಸಲು ಬಿಡಬಾರದೆಂದು ನಮಗೆ ಗೊತ್ತು. ಬಿಟ್ಟರೆ ರೆಂಬೆ ಒಣಗುತ್ತದೆ. ಆದರೆ ಹಾಗೆ ಬಳಲಿದ ಗಿಡವನ್ನು ನಾವು ಕಿತ್ತೆಸೆಯುತ್ತೇವೆಯೇ? ನೆರಳು ನೋಡಿಕೊಂಡು ಗೊಬ್ಬರ ಕೊಟ್ಟು ಚೇತರಿಸಿಕೊಳ್ಳಲು ಬಿಡುತ್ತೇವೆ. ಗಿಡಕ್ಕೆ ತೋರಿಸುವ ಈ ವಿವೇಕವನ್ನು ಮನುಷ್ಯರ ಮಕ್ಕಳಿಗೆ ತೋರಿಸದಿದ್ದರೆ ಹೇಗೆ?

ಬೆಳೆಯುವ ದೇಹಕ್ಕೆ ಬಸಿರು ಇಮ್ಮಡಿ ಹೊರೆ. ಇಪ್ಪತ್ತು ತುಂಬದ ತಾಯಂದಿರಲ್ಲಿ ರಕ್ತದ ಒತ್ತಡ ಏರಿ ಬರುವ ನಂಜು, ಹೆರಿಗೆಯ ನಂತರದ ಸೋಂಕು ಹೆಚ್ಚು. ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕದ ಕೂಸು ಸಾಮಾನ್ಯ. ಜೊತೆಗೆ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ದೇಶದ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59.1 ಮಂದಿಗೆ ರಕ್ತಹೀನತೆ ಇತ್ತು. ಇಂಥವರಿಗೇ ಆಸ್ಪತ್ರೆ ಎಲ್ಲರಿಗಿಂತ ಹೆಚ್ಚು ಬೇಕು. ಭಯದಿಂದ ದೂರ ಉಳಿಯುವವರೂ ಇವರೇ.

ಈ ಭಯಕ್ಕೆ ಕಾರಣವಿಲ್ಲದಿಲ್ಲ. 2012ರ ಪೋಕ್ಸೋ ಕಾಯಿದೆಯಂತೆ 18 ತುಂಬದ ಗರ್ಭಿಣಿಯ ವಿಷಯವನ್ನು ಆಸ್ಪತ್ರೆಯವರು ತಿಳಿಸಲೇಬೇಕು. ಮುಚ್ಚಿಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ಒಂದು ಮಾತನ್ನು ಲೈನ್ ಮನೆಗಳಲ್ಲಿ ಬಿಡಿಸಿ ಹೇಳಬೇಕಾಗಿದೆ: ಕಾನೂನು ಪ್ರಶ್ನಿಸುವುದು ಮದುವೆಯಾದ, ಮದುವೆ ಮಾಡಿಸಿದ ದೊಡ್ಡವರನ್ನು, ಹುಡುಗಿಯನ್ನಲ್ಲ. ಅವಳು ರಕ್ಷಣೆಗೆ ಅರ್ಹಳು. ಚಿಕಿತ್ಸೆ ಅವಳ ಹಕ್ಕು. ಮುಚ್ಚಿಟ್ಟು ಮನೆಯಲ್ಲೇ ಹೆರಿಗೆ ಮಾಡಿಸಿದರೆ ಹೋಗುವುದು ಅವಳ ಜೀವ.

ಸಣ್ಣ ಬೆಳೆಗಾರರಾದ ನಾವು ಮಾಡಬಹುದಾದದ್ದು ಇಷ್ಟು.

ಒಂದು: ಮಗಳ ಮದುವೆಗೆಂದು ಆಳುಗಳು ಮುಂಗಡ ಕೇಳುವುದುಂಟು. ಕೊಡುವ ಮೊದಲು ಹುಡುಗಿಯ ವಯಸ್ಸಿನ ದಾಖಲೆ ಕೇಳಿ. 18 ಆಗಿಲ್ಲವಾದರೆ ಕೊಡಬೇಡಿ. ತಿಳಿಹೇಳಿ. ಕೇಳದಿದ್ದರೆ 1098ಕ್ಕೆ ದೂರವಾಣಿ ಮಾಡಿ. ಇಂಥ ಮದುವೆಗೆ ನೆರವಾದವರಿಗೂ, ಹೋಗಿ ಭಾಗವಹಿಸಿದವರಿಗೂ ಶಿಕ್ಷೆಯುಂಟು.

ಎರಡು: ಎಳೆಯ ತಾಯಿಗೆ ಮೂಟೆ ಹೊರುವ, ಔಷಧಿ ಸಿಂಪಡಿಸುವ ಕೆಲಸ ಬೇಡ. ತಪಾಸಣೆಯ ದಿನ ಕೂಲಿ ಹಿಡಿಯಬೇಡಿ. ಹಾಲೂಡಿಸಲು ಬಿಡುವು, ಕೂಸಿಗೆ ಕಣದ ಶೆಡ್ಡಿನಲ್ಲಾದರೂ ಒಂದು ಮೂಲೆ ಕೊಡಿ.

ಮೂರು: ಹತ್ತಿರದ ಅಂಗನವಾಡಿಯಲ್ಲಿ ಹೆಸರು ಬರೆಸಿ, ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿ. ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟ ನೀಡಲೆಂದು 2017ರಲ್ಲಿ ಮಾತೃಪೂರ್ಣ ಯೋಜನೆ ಆರಂಭವಾಯಿತು. ಕಬ್ಬಿಣಾಂಶದ ಮಾತ್ರೆಯನ್ನು ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕು. ನಾವು ಕಾಫಿ ಬೆಳೆಯುವವರೇ ಆದರೂ ಹೇಳಲೇಬೇಕು: ಮಾತ್ರೆಯ ಜೊತೆಗಾಗಲಿ ಊಟದ ಜೊತೆಗಾಗಲಿ ಕಾಫಿ, ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಒಂದೆರಡು ಗಂಟೆ ಅಂತರವಿರಲಿ. ಎರಡನೆಯ ಬಸಿರಿಗೂ ಅಂತರವಿರಲಿ ಎಂದು ಗಂಡನಿಗೂ ಅತ್ತೆಗೂ ನರ್ಸಮ್ಮನಿಂದಲೇ ಹೇಳಿಸಿ.

ನಾಲ್ಕು: ಓದು. ತಾಯಿಯಾದ ಕೂಡಲೇ ಪುಸ್ತಕ ಮುಚ್ಚಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ. ಶಾಲೆಗೆ ಮರಳಲಾಗದಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಬಹುದು, ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕವೂ ಬರೆಯಬಹುದು. ಓದಿದ ತಾಯಿ ಮಾತ್ರೆಯ ಚೀಟಿಯನ್ನೂ ಕೂಲಿಯ ಲೆಕ್ಕವನ್ನೂ ತಾನೇ ಓದಿಕೊಳ್ಳುತ್ತಾಳೆ. ತನ್ನ ಮಗಳನ್ನು ಹದಿನೈದಕ್ಕೆ ಮದುವೆ ಮಾಡಿಕೊಡಲು ಅವಳ ಮನಸ್ಸು ಸುಲಭವಾಗಿ ಒಪ್ಪದು.

"ಬೆಲೆ ಇಲ್ಲ, ಮಳೆ ಇಲ್ಲ, ರೋಗ ಬೇರೆ. ನಮ್ಮದೇ ನಮಗೆ ಸಾಕಾಗಿದೆ" ಎನ್ನುವವರಿದ್ದಾರೆ. ಅವರ ಕಷ್ಟ ನಮಗೂ ಗೊತ್ತು, ನಮ್ಮದೂ ಅದೇ. ಆದರೆ ತಿಂಗಳಿಗೊಂದು ದಿನದ ಕೂಲಿಯಿಂದ ಯಾವ ತೋಟವೂ ಮುಳುಗದು. ಇದು ಕೂಲಿಯವರ ಮನೆಯ ವಿಚಾರವೆಂದು ತಳ್ಳಿಹಾಕುವಂತೆಯೂ ಇಲ್ಲ. ಒಳ್ಳೆಯ ಸಂಬಂಧ ಬಂತೆಂದು ಪಿಯುಸಿ ಬಿಡಿಸಿದ ಮನೆಗಳು ನಮ್ಮ ಪೈಕಿಯೂ ಇವೆ.

ಒಬ್ಬರಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡುವುದಕ್ಕೇ ಸಹಕಾರ ಸಂಘ ಇರುವುದು. ಸಂಘದ ಲಾಭದಲ್ಲಿ ಒಂದು ಸಣ್ಣ ಪಾಲನ್ನು ಇಂಥ ಹುಡುಗಿಯರ ಪರೀಕ್ಷಾ ಶುಲ್ಕಕ್ಕೂ ಪುಸ್ತಕಕ್ಕೂ ತೆಗೆದಿಡಬೇಕೆಂದು ಮುಂದಿನ ಮಹಾಸಭೆಯಲ್ಲಿ ನಾವು ಸೂಚಿಸಲಿದ್ದೇವೆ. ಸದಸ್ಯ ಬಂಧುಗಳು ಮನೆಯ ಹೆಂಗಸರೊಂದಿಗೆ ಈ ವಿಚಾರ ಚರ್ಚಿಸಿ, ಅವರನ್ನೂ ಸಭೆಗೆ ಕರೆತರಬೇಕೆಂದು ಕೋರುತ್ತೇವೆ.