ಕಾಲುವೆ ನಾಡಿನ ಊಟ: ಮುದ್ದೆ, ಬೆಲ್ಲ, ಕಬ್ಬಿನ ಹಾಲಿನ ಬಗ್ಗೆ ಫಾರ್ವರ್ಡ್‌ಗಳು ಹೇಳುವುದೆಷ್ಟು ನಿಜ?

ಇಟಲಿಯ ವೆನಿಸ್‌ಗೆ ಹೋದರೆ ಏನೇನು ತಿನ್ನಬೇಕು ಎಂಬ ಪಟ್ಟಿ ವಾಟ್ಸಾಪ್‌ನಲ್ಲಿ ಓಡಾಡುವ ಹಾಗೆಯೇ, ಮೈಸೂರು ರಸ್ತೆಯಲ್ಲಿ ಹೋದರೆ ಏನು ತಿನ್ನಬೇಕು ಎಂಬ ಪಟ್ಟಿಗಳೂ ಬರುತ್ತವೆ. ಮದ್ದೂರು ವಡೆ, ಮಂಡ್ಯ ಬೆಲ್ಲ, ಮುದ್ದೆ ಬಸ್ಸಾರು, ಕಬ್ಬಿನ ಹಾಲು. ತೊಂದರೆ ಪಟ್ಟಿಯಲ್ಲಿಲ್ಲ, ಅದರ ಜೊತೆ ಅಂಟಿಕೊಂಡು ಬರುವ ಸಲಹೆಗಳಲ್ಲಿದೆ. ‘ಬೆಲ್ಲ ತಿಂದರೆ ಶುಗರ್ ಬರಲ್ಲ’, ‘ಕಬ್ಬಿನ ಹಾಲು ಕಾಮಾಲೆಗೆ ಮದ್ದು’ ಎಂಬಂಥವು. ಇವನ್ನು ಒಂದೊಂದಾಗಿ ನೋಡೋಣ.

ಕಾಲುವೆ ಬದಲಿಸಿದ ತಟ್ಟೆ

ಮಂಡ್ಯ, ಮದ್ದೂರು, ಮಳವಳ್ಳಿ ಭಾಗ ಹಿಂದೆ ಹೆಚ್ಚಾಗಿ ಮಳೆ ಮತ್ತು ಕೆರೆಯನ್ನು ನಂಬಿದ ರಾಗಿಯ ಸೀಮೆ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಹರಿಯಿತು. ಇಂದು ಅದೇ ವಿಶ್ವೇಶ್ವರಯ್ಯ ನಾಲೆ. ನೀರಿನ ಹಿಂದೆಯೇ ಭತ್ತ, ಕಬ್ಬು ಬಂದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅಂದರೆ ಇಲ್ಲಿನ ಮುದ್ದೆ ಬಹಳ ಹಳೆಯದು, ಆದರೆ ಇಷ್ಟೊಂದು ಕಬ್ಬು, ಬೆಲ್ಲ ನಾಲೆಯ ಕಾಲದ್ದು. ಮದ್ದೂರು ವಡೆಯೂ ನೂರು ವರ್ಷದ ಆಸುಪಾಸಿನದು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುದ್ಯ ಎಂಬುವರು ರೈಲಿಗೆ ಹೊತ್ತಾಯಿತೆಂದು ಹಿಟ್ಟನ್ನು ತಟ್ಟಿ ಕರಿದರು ಎಂಬುದು ಪ್ರಚಲಿತವಾಗಿರುವ ಕಥೆ. ‘ಸಾಂಪ್ರದಾಯಿಕ’ ಅಂದ ಕೂಡಲೇ ಎಲ್ಲವೂ ಸಾವಿರಾರು ವರ್ಷ ಪರೀಕ್ಷೆಯಾದದ್ದು ಎಂದರ್ಥವಲ್ಲ. ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ ಸೇರಿಸಿ ಎಣ್ಣೆಯಲ್ಲಿ ಕರಿದ ವಡೆ ರುಚಿಗಾಗಿ ತಿನ್ನುವ ತಿಂಡಿ, ಅಷ್ಟೇ.

‘ಮುದ್ದೆ ತಿಂದರೆ ಶುಗರ್ ಏರುವುದೇ ಇಲ್ಲ’

ಇದು ಅರ್ಧ ಸತ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ನಾರಿನಂಶವೂ ಹೆಚ್ಚು. ಆದರೆ ರಾಗಿಯ ಬಹುಪಾಲು ಪಿಷ್ಟವೇ, ಪಿಷ್ಟ ಹೊಟ್ಟೆಯಲ್ಲಿ ಸಕ್ಕರೆಯಾಗಲೇಬೇಕು. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ತಿಂದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಸೊಪ್ಪು, ಕಾಳು ಹಾಕಿದ ಬಸ್ಸಾರು ಅಥವಾ ಮಸ್ಸೊಪ್ಪಿನ ಜೊತೆ ಒಂದು ಸಣ್ಣ ಮುದ್ದೆ ಉಂಡರೆ ಏರಿಕೆ ನಿಧಾನ. ಇಲ್ಲಿ ಉಪಕಾರ ಮಾಡುವುದು ಮುದ್ದೆ ಒಂದೇ ಅಲ್ಲ, ಪಕ್ಕದ ಸಾರೂ ಹೌದು.

ವೆನಿಸ್ ಸುತ್ತಲಿನ ವೆನೆಟೊ ಪ್ರಾಂತ್ಯ ಇದಕ್ಕೆ ಸಾಕ್ಷಿ. ಅಲ್ಲಿನ ‘ಪೊಲೆಂಟಾ’ ನಮ್ಮ ಮುದ್ದೆಯ ದೂರದ ನೆಂಟ, ಮೆಕ್ಕೆಜೋಳದ ಹಿಟ್ಟನ್ನು ನೀರಿನಲ್ಲಿ ತಿರುವಿ ಬೇಯಿಸಿದ್ದು. 18, 19ನೇ ಶತಮಾನದಲ್ಲಿ ಬಡ ರೈತರು ಹೆಚ್ಚುಕಡಿಮೆ ಅದೊಂದನ್ನೇ ತಿಂದು ಬದುಕಿದರು. ಮೆಕ್ಕೆಜೋಳದಲ್ಲಿರುವ ನಯಾಸಿನ್ ವಿಟಮಿನ್ ದೇಹಕ್ಕೆ ಸರಿಯಾಗಿ ದಕ್ಕದೆ ಸಾವಿರಾರು ಮಂದಿ ಪೆಲಾಗ್ರ ಕಾಯಿಲೆಗೆ ತುತ್ತಾದರು. ಊಟ ಸಾಂಪ್ರದಾಯಿಕವಾಗಿದ್ದರೆ ಸಾಲದು, ತಟ್ಟೆಯಲ್ಲಿ ಜೊತೆಗೇನಿದೆ ಎಂಬುದು ಮುಖ್ಯ.

ಇನ್ನು ‘ಮುದ್ದೆಯನ್ನು ಅಗಿದರೆ ಜೀರ್ಣವಾಗಲ್ಲ’ ಎಂಬ ಮಾತು. ನುಂಗುವುದು ರೂಢಿ, ಮೃದುವಾದ್ದರಿಂದ ಅದರಿಂದ ಹಾನಿಯಿಲ್ಲ. ಅಗಿದರೂ ಹಾನಿಯಿಲ್ಲ. ಪಿಷ್ಟದ ಜೀರ್ಣಕ್ರಿಯೆ ಬಾಯಿಯ ಎಂಜಲಿನಲ್ಲೇ ಶುರುವಾಗುತ್ತದೆ, ಬಹುಪಾಲು ಸಣ್ಣ ಕರುಳಿನಲ್ಲಿ ಮುಗಿಯುತ್ತದೆ.

‘ಬೆಲ್ಲ ಎಷ್ಟು ತಿಂದರೂ ತೊಂದರೆಯಿಲ್ಲ’

ಇದು ಸುಳ್ಳು. ಸಕ್ಕರೆಯಾಗಲಿ, ಬೆಲ್ಲವಾಗಲಿ ಒಂದು ಗ್ರಾಂಗೆ ಹೆಚ್ಚುಕಡಿಮೆ 4 ಕ್ಯಾಲೊರಿ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಕಬ್ಬಿಣಾಂಶ ಇರುವುದು ನಿಜ, ಆದರೆ ಒಂದು ಚಮಚ ಬೆಲ್ಲದಲ್ಲಿ ಅದು ಒಂದು ಮಿಲಿಗ್ರಾಂಗೂ ಕಡಿಮೆ. ಭಾರತೀಯ ಮಹಿಳೆಗೆ ದಿನಕ್ಕೆ ಐಸಿಎಂಆರ್ ಹೇಳುವುದು 29 ಮಿಲಿಗ್ರಾಂ. ರಕ್ತಹೀನತೆಗೆ ಬೆಲ್ಲವನ್ನು ನೆಚ್ಚಿ ಕೂತರೆ ಸಕ್ಕರೆ ಏರುತ್ತದೆ, ರಕ್ತ ಏರುವುದಿಲ್ಲ. ಶುಗರ್ ಇರುವವರು ಕಾಫಿಗೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ಬದಲಾಗುವುದು ಬಣ್ಣ ಮತ್ತು ರುಚಿ ಮಾತ್ರ.

ಬಣ್ಣದ ಮಾತು ಮಾತ್ರ ಗಮನಿಸಬೇಕಾದದ್ದೇ. ಅಚ್ಚ ಹಳದಿ ಹೊಳಪು ಬರಲೆಂದು ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಹಾಕುತ್ತಾರೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ ಮೀರಬಾರದು ಎಂಬ ಮಿತಿಯಿದೆ. ಆಸ್ತಮಾ ಇರುವ ಕೆಲವರಿಗೆ ಇದು ಉಸಿರಾಟದ ತೊಂದರೆ ತರಬಲ್ಲದು. ಆದರೆ ಕಪ್ಪಗಿದ್ದ ಮಾತ್ರಕ್ಕೆ ಬೆಲ್ಲ ಶುದ್ಧ ಎನ್ನಲಾಗದು. ಹೆಚ್ಚು ಕಾಯಿಸಿದರೂ ಕಪ್ಪಾಗುತ್ತದೆ, ಸಕ್ಕರೆ ಬೆರೆಸಿದ್ದು ಕಣ್ಣಿಗೆ ಕಾಣುವುದಿಲ್ಲ.

‘ಕಬ್ಬಿನ ಹಾಲು ಕಾಮಾಲೆಗೆ ಮದ್ದು’

ಪಟ್ಟಿಯಲ್ಲಿ ಅತಿ ಅಪಾಯಕಾರಿ ಇದೇ. ಕಾಮಾಲೆ ಒಂದು ರೋಗವಲ್ಲ, ಲಕ್ಷಣ. ರಕ್ತದಲ್ಲಿ ಬಿಲಿರುಬಿನ್ ಹೆಚ್ಚಾಗಿ ಕಣ್ಣು ಹಳದಿಯಾಗುತ್ತದೆ. ಕಾರಣ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಇರಬಹುದು, ಪಿತ್ತನಾಳದ ಕಲ್ಲಿರಬಹುದು, ಕುಡಿತವಿರಬಹುದು. ಗದ್ದೆ, ಕಬ್ಬಿನ ತೋಟದ ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರದಿಂದಲೂ ಬರಬಹುದು. ಇಲಿಜ್ವರಕ್ಕೆ ಆಂಟಿಬಯಾಟಿಕ್ ಇದೆ, ತಡವಾದರೆ ಮೂತ್ರಪಿಂಡ ಕೈಕೊಡುತ್ತದೆ. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಪ್ರಾಣಕ್ಕೇ ಕುತ್ತು ತರಬಲ್ಲದು.

ಹಾಗಾದರೆ ಕುಡಿದವರಿಗೆ ವಾಸಿಯಾಗಿದ್ದು ಹೇಗೆ? ಹೆಪಟೈಟಿಸ್ ಎ ಬಹುತೇಕರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಏನು ಕುಡಿದಿದ್ದರೂ ಹೆಸರು ಅದಕ್ಕೇ ಹೋಗುತ್ತದೆ. ಇನ್ನೊಂದು ವಿಪರ್ಯಾಸ, ಶುದ್ಧವಲ್ಲದ ನೀರಿನ ಐಸ್ ಹಾಕಿದ ಕಬ್ಬಿನ ಹಾಲಿನಿಂದಲೇ ಈ ವೈರಸ್ ಹರಡಬಹುದು. ಜೊತೆಗೆ ಒಂದು ದೊಡ್ಡ ಲೋಟದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಮದ್ದೂರಿನಲ್ಲಿ ಇಳಿದು ಬಿಸಿ ವಡೆ ತಿನ್ನಿ, ಮಳವಳ್ಳಿ ಕಡೆ ಹೋದರೆ ಉಪ್ಸಾರು ಮುದ್ದೆ ಉಣ್ಣಿ, ತೊಳೆದ ಕಬ್ಬಿನ ಹಾಲನ್ನು ಐಸ್ ಇಲ್ಲದೆ ಕುಡಿಯಿರಿ. ಶುಗರ್ ಇರುವವರು ಬೆಲ್ಲವನ್ನೂ ಕಬ್ಬಿನ ಹಾಲನ್ನೂ ಸಕ್ಕರೆಯ ಲೆಕ್ಕದಲ್ಲೇ ಇಡಿ. ಕಣ್ಣು ಹಳದಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ತಿಂಡಿಯ ಪಟ್ಟಿಯನ್ನು ಧಾರಾಳವಾಗಿ ಹಂಚಿ. ಅದರಲ್ಲಿ ‘ಮದ್ದು’ ಎಂಬ ಪದ ಕಂಡರೆ ಮಾತ್ರ ಅಲ್ಲೇ ನಿಲ್ಲಿಸಿ.